ಸುರಿಯದೇ ಉಳಿದ ಗೇರ್ ಆಯಿಲ್

ಗೆಳೆಯರೇ, ಸೆಕೆಂಡ್ ಹ್ಯಾಂಡ್ ಕೊಂಡ ನನ್ನ ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಇಂದು ಸ್ವಲ್ಪದರಲ್ಲಿ ಉಳಿಯಿತು. ಗೇರ್ ಆಯಿಲ್ ಬದಲಿಸಲು ನಾನೇ ಡಬ್ಬ ಕೊಂಡು ಇಲವಾಲದ ಮೆಕ್ಯಾನಿಕ್ ಶಿವಣ್ಣನವರಲ್ಲಿಗೆ ಹೋಗಿದ್ದೆ. ಅವರು ಡಬ್ಬ ತಿರುಗಿಸಿ ನೋಡಿ, "ಇದ್ನ ಯಾರ್ ಕೊಟ್ರು ಸಾರ್?" ಎಂದರು.

"ಎಲ್ಲಾ ಆಟೋಮ್ಯಾಟಿಕ್‌ಗೂ ಆಗುತ್ತೆ ಅಂತ ಅಂಗಡಿಯವರು ಹೇಳಿದ್ರು."

"ಅವರ್ಗೇನು, ಡಬ್ಬ ಮಾರಿದ್ರೆ ಆಯ್ತು. ಕಾರಿನ ಪುಸ್ತಕ ತೆಗೀರಿ."

ಹಳೆಯ ಮಾಲೀಕರು ಆಯುಧಪೂಜೆಗೆ ಆ ಪುಸ್ತಕಕ್ಕೂ ಅರಿಶಿನ ಕುಂಕುಮ ಹಚ್ಚಿದ್ದರು. ಪ್ಲಾಸ್ಟಿಕ್ ಕವರ್ ಮಾತ್ರ ಬಿಚ್ಚಿರಲಿಲ್ಲ. ನಾನೂ ಬಿಚ್ಚಿರಲಿಲ್ಲ. ಒಳಗೆ ಸ್ಪಷ್ಟವಾಗಿ ಬರೆದಿತ್ತು: ಇದು ಬೆಲ್ಟ್ ಮೇಲೆ ಓಡುವ ಸಿವಿಟಿ ಗೇರ್‌ಬಾಕ್ಸ್, ಸಿವಿಟಿ ಆಯಿಲ್ ಮಾತ್ರ ಹಾಕಿ, ಬೇರೆಯದು ಹಾಕಿದರೆ ಗೇರ್‌ಬಾಕ್ಸ್ ಕೆಡುತ್ತದೆ. ನನ್ನ ಡಬ್ಬದ ಮೇಲೆ ಸಿವಿಟಿ ಎಂಬ ಹೆಸರೇ ಇರಲಿಲ್ಲ.

"ಹುಯ್ದಿದ್ರೆ ಗಾಡೀನ ಹಗ್ಗ ಕಟ್ಟಿ ಎಳಿಸ್ಬೇಕಾಗ್ತಿತ್ತು. ಸರಿಯಾದ್ದು ತಗೊಂಡು ನಾಳೆ ಬಂದ್ಬುಡಿ ಸಾರ್."

ಕೆಲಸ ಮಾಡದೆ ವಾಪಸ್ ಕಳಿಸಿದ ಮೆಕ್ಯಾನಿಕ್‌ಗೆ ಕೈಮುಗಿದು ಬಂದದ್ದು ಇದೇ ಮೊದಲು.