ನಮ್ಮ ಕಾರಿನ ರೋಗಚರಿತ್ರೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಬಳಿ ಎರಡು ದಿನಚರಿಗಳಿವೆ. ಒಂದು ನನ್ನದು, ಇನ್ನೊಂದು ಕಾರಿನದು. ನನ್ನದರಲ್ಲಿ ವಾರಕ್ಕೆ ನಾಲ್ಕು ಸಾಲು ತುಂಬಿದರೆ ಹೆಚ್ಚು. ಕಾರಿನದು ಮಾತ್ರ ಎರಡನೆಯ ಇನ್ನೂರು ಪುಟದ ನೋಟ್‌ಬುಕ್ಕಿಗೆ ಬಂದು ನಿಂತಿದೆ. ತಾರೀಕು, ಕೆಟ್ಟು ನಿಂತ ಜಾಗ, ನಾನು ಬಿಚ್ಚಿದ್ದು, ಮರಳಿ ಕೂಡಿಸಿದ್ದು, ಕೂಡಿಸಿದ ಮೇಲೆ ಕೈಯಲ್ಲಿ ಮಿಕ್ಕ ಸ್ಕ್ರೂಗಳು, ಕೊನೆಗೆ ಆ ದಿನದ ಹವೆ. ಕಾರಿಗೂ ಹವೆಗೂ ಏನು ಸಂಬಂಧ ಎಂದು ಕೇಳಬೇಡಿ. ನಾನು ಶಾಲೆಯಲ್ಲಿ ಭೂಗೋಳ ಕಲಿಸುವವನು. ಅಲ್ಲಿನ ಅಂಗಳದ ಮಳೆಮಾಪಕ ನೋಡಿ ಬರೆಯುವ ಕೆಲಸ ನನ್ನದೇ. ಒಂದು ಕಡೆ ಬರೆದ ಕೈ ಇನ್ನೊಂದು ಕಡೆಯೂ ಬರೆಯುತ್ತದೆ, ಅಷ್ಟೇ.

ಕಾರು ಮಾವನವರು ಕೊಟ್ಟದ್ದು. ಪೆಟ್ರೋಲಿಗೆಷ್ಟು, ಗಾಳಿಗೆಷ್ಟು ಎಂಬ ಪಾಲುಪಟ್ಟಿಯನ್ನು ಕಂಪ್ಯೂಟರಿನ ಬದಲು ಕಾರ್ಬ್ಯುರೇಟರಿನ ಒಂದು ಪುಟ್ಟ ತಿರುಪು ತೀರ್ಮಾನಿಸುತ್ತಿದ್ದ ಕಾಲದ್ದು. ನನ್ನ ಹೆಂಡತಿ ವೀಣಾ ಹುಟ್ಟಿದಾಗ ಅವಳನ್ನು ಆಸ್ಪತ್ರೆಯಿಂದ ಯಲ್ಲಾಪುರದ ಮನೆಗೆ ತಂದದ್ದು ಇದರಲ್ಲೇ. ಆದ್ದರಿಂದ ಇದನ್ನು ಮಾರುವ ಮಾತು ನಮ್ಮ ಮನೆಯಲ್ಲಿ ಏಳುವುದಿಲ್ಲ. ಹೊಸ ಕಾರಿನ ಬಾನೆಟ್ ಎತ್ತಿದರೆ ಪ್ಲಾಸ್ಟಿಕ್ಕಿನ ಒಂದು ಮುಚ್ಚಳ ಕಾಣುತ್ತದೆ, ಕೈ ಮುಗಿದು ಕೆಳಗಿಳಿಸಬೇಕು. ಇದರದು ಹಾಗಲ್ಲ. ಎಲ್ಲವೂ ಕಾಣುತ್ತದೆ, ಎಲ್ಲವೂ ಕೈಗೆ ಸಿಗುತ್ತದೆ. ಅದೇ ನನಗೆ ಮುಳುವಾಯಿತು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರು ಇಪ್ಪತ್ತಮೂರು ಸಲ ನಿಂತಿತು. ಜುಲೈಯಲ್ಲಿ ಎರಡು, ಆಗಸ್ಟಿನಲ್ಲಿ ಐದು, ಸೆಪ್ಟೆಂಬರಿನಲ್ಲಿ ಹದಿನಾರು. ನಿಲ್ಲುವ ರೀತಿ ಒಂದೇ: ನಾಲ್ಕು ಮೈಲಿ ಸುಮ್ಮನೆ ಓಡಿ, ಆಮೇಲೆ ಕೆಮ್ಮಿ, ನಿಧಾನ ಮಾಡಿದ ಕೂಡಲೇ ಉಸಿರು ಬಿಡುವುದು. ನಮ್ಮ ಕಾನಸೂರಿನಿಂದ ಶಿರಸಿಗೆ ಹೋಗುವ ದಾರಿಯಲ್ಲಿ ಬಾನೆಟ್ ಎತ್ತಿದ ಕಾರನ್ನು ದಾಟಿ ಹೋಗುವುದು ಊಟಕ್ಕೆ ಕರೆದವರ ಮನೆ ಮುಂದೆ ಮುಖ ತಿರುಗಿಸಿ ಹೋದಂತೆ. ಬೈಕು ನಿಲ್ಲಿಸಲೇಬೇಕು, ಇಣುಕಲೇಬೇಕು, ಏನಾದರೊಂದು ತಿರುಪನ್ನು ಮುಟ್ಟಲೇಬೇಕು. ತೋಟಕ್ಕೆ ಔಷಧ ಹೊಡೆಯುವ ಪಂಪಿನ ಎಂಜಿನ್ ಬಿಚ್ಚದ ಗಂಡಸು ಈ ಸೀಮೆಯಲ್ಲಿಲ್ಲ. ಪಂಪು ಬಲ್ಲವನು ಕಾರನ್ನೂ ಬಲ್ಲ ಎಂಬುದು ಇಲ್ಲಿನ ನಂಬಿಕೆ. ಹಾಗೆ ನಿಂತವರು ಒಟ್ಟು ನಲವತ್ತೊಂದು ಮಂದಿ. ಹತ್ತೊಂಬತ್ತು ಮಂದಿ ಪ್ಲಗ್ ಎಂದರು, ಹದಿಮೂರು ಮಂದಿ ಪೆಟ್ರೋಲಿನಲ್ಲಿ ನೀರು ಎಂದರು, ಎಂಟು ಮಂದಿ ಏನೂ ಹೇಳದೆ ತಲೆಯಾಡಿಸಿದರು. ಒಬ್ಬರು ಮಾತ್ರ ದೃಷ್ಟಿ ತೆಗೆಸಿ ಎಂದರು. ನಾನು ಎಲ್ಲವನ್ನೂ ಮಾಡಿದೆ. ದೃಷ್ಟಿಯನ್ನೂ ತೆಗೆಸಿದೆ, ಅದನ್ನೂ ಬರೆದಿಟ್ಟೆ.

ಆಗ ವೀಣಾಳಿಗೆ ಏಳು ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ಎಲ್ಲ ಕಡೆಯ ರೂಢಿ. ಅವಳಿಗೆ ಶಿರಸಿಯ ತನ್ನ ಡಾಕ್ಟರರ ಹತ್ತಿರವೇ ಆಗಬೇಕು, ತನ್ನ ಮನೆಯಿಂದಲೇ ಹೋಗಬೇಕು ಎಂಬ ಆಸೆ. ನನಗೂ ಅದೇ ಬೇಕಿತ್ತು; ಮೊದಲ ಮಗುವಿನ ಸುದ್ದಿಯನ್ನು ಫೋನಿನಲ್ಲಿ ಕೇಳುವ ಮನಸ್ಸು ನನಗಿರಲಿಲ್ಲ. ನಮ್ಮಿಬ್ಬರ ಆಸೆಯೂ ಈ ಕಾರಿನ ಮೇಲೆ ಕೂತಿತ್ತು. ಸೆಪ್ಟೆಂಬರಿನ ಒಂದು ಮಧ್ಯಾಹ್ನ, ತಪಾಸಣೆಗೆ ಹೊರಟವರು ರಸ್ತೆಯಲ್ಲಿ ಮುಕ್ಕಾಲು ಗಂಟೆ ನಿಂತೆವು. ಬಿಸಿಲು ಚುರ್ರೆನ್ನುತ್ತಿತ್ತು. ನಾನು ಬಾನೆಟ್ಟಿನ ಮೇಲೆ ನೋಟ್‌ಬುಕ್ ಇಟ್ಟು ಬರೆಯುತ್ತಿದ್ದೆ. ಅವಳು ಕಿಟಕಿಯಿಂದ ನೋಡುತ್ತಿದ್ದಳು.

"ಕಾರು ಎಷ್ಟ್ ಸಲ ಕೆಮ್ಮಿದ್ದು ಹೇಳಿ ಬರದ್ದೆ. ಆನು ಎಷ್ಟ್ ಸಲ ವಾಂತಿ ಮಾಡಿದ್ದಿ ಹೇಳಿ ಬರದ್ಯಾ?"

ಬರೆದಿರಲಿಲ್ಲ. ಅವಳ ವಾಂತಿಯ ಲೆಕ್ಕ ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ. ಅವಳೇ ಮುಂದುವರಿಸಿದಳು.

"ಒಂಬತ್ತು ಹಿಡಿಯದ್ರೊಳಗೆ ಇದು ಸಮಾ ಆಗ್ದಿದ್ರೆ ಆನು ಯಲ್ಲಾಪುರಕ್ಕೆ ಹೋಗ್ತಿ. ನೀನು ಇಲ್ಲೇ ಕಾರಿನ ಬಾಣಂತನ ಮಾಡ್ಕ್ಯಂಡಿರು."

ಕೋಪವಿಲ್ಲದ ದನಿ. ದಣಿದವರ ದನಿ. ಕೋಪವಾಗಿದ್ದರೆ ಸಮಾಧಾನ ಮಾಡಬಹುದಿತ್ತು.

ನನಗೂ ದಣಿವಾಗಿತ್ತು. ಉಗುರಿನ ಕಪ್ಪು ಹೋಗದೆ ಮೂರು ತಿಂಗಳಾಗಿತ್ತು, ತರಗತಿಯಲ್ಲಿ ಸೀಮೆಸುಣ್ಣದ ಕಡ್ಡಿಗೂ ಗ್ರೀಸಿನ ಗುರುತು. ಸ್ವಂತ ಕೈಯಿಂದ ರಿಪೇರಿ ಮಾಡುವವನ ಕಷ್ಟವೇನೆಂದರೆ, ಬೇರೆಯವರ ಹತ್ತಿರ ಹೋಗುವುದು ಸೋಲು ಎನಿಸುತ್ತದೆ. ಕೊನೆಗೆ ಸೆಪ್ಟೆಂಬರಿನ ಕಡೆಯ ಭಾನುವಾರ ಸೋಲನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಯಲ್ಲಾಪುರಕ್ಕೆ ಹೊರಟೆ. ಹೆದ್ದಾರಿಯ ಬದಿ, ಲಾರಿಗಳ ಸಾಲಿನ ಹಿಂದೆ ಇಮಾಮ್ ಸಾಬರ ಗ್ಯಾರೇಜು. ಮಾವನವರ ಕಾಲದಿಂದ ಈ ಕಾರನ್ನು ಬಲ್ಲವರು ಅವರೊಬ್ಬರೇ. ದಾರಿಯುದ್ದಕ್ಕೂ ಮಳೆ. ಕಾರು ಒಂದು ಸಲವೂ ಕೆಮ್ಮಲಿಲ್ಲ. ಡಾಕ್ಟರರ ಬಾಗಿಲಲ್ಲಿ ನಿಂತ ಕೂಡಲೇ ಹಲ್ಲುನೋವು ಮಾಯವಾಗುತ್ತದಲ್ಲ, ಹಾಗೆ.

ಇಮಾಮ್ ಸಾಬರು ಎಂಜಿನ್ನಿಗೆ ಕಿವಿಗೊಟ್ಟು ಬಹಳ ಹೊತ್ತು ಕೇಳಿದರು. ಗಾಡಿ ಚೆನ್ನಾಗೇ ಇದೆ ಎಂದರು. ನಾನು ಮಾನ ಉಳಿಸಿಕೊಳ್ಳಲು ನೋಟ್‌ಬುಕ್ ತೆರೆದು ಇಪ್ಪತ್ತಮೂರು ಸಲದ ವಿವರವನ್ನೂ ಓದತೊಡಗಿದೆ. ಅವರು ಬೀಡಿ ಹಚ್ಚಿ ಕೇಳಿದರು. ಆರನೆಯದಕ್ಕೋ ಏಳನೆಯದಕ್ಕೋ ಕೈ ಎತ್ತಿದರು.

"ಭಟ್ರ, ಅದೆಲ್ಲಾ ಬಿಡ್ರಿ. ಆ ಕಡೀ ಮನ್ಯಾಗ ಏನ್ ಬರದೀರಿ, ಅದಷ್ಟ ಓದ್ರಿ."

ಕೊನೆಯ ಕಾಲಮ್ಮಿನ ಹವೆಯನ್ನಷ್ಟೇ ಓದಿದೆ. ಬಿಸಿಲು. ಬಿಸಿಲು. ಒಣಹವೆ. ಬಿಸಿಲು. ಮೋಡವಿಲ್ಲ. ಬಿಸಿಲು. ಓದುತ್ತ ಓದುತ್ತ ನನ್ನ ದನಿಯೇ ಸಣ್ಣದಾಯಿತು. ಇಪ್ಪತ್ತಮೂರರಲ್ಲಿ ಮಳೆ ಎಂಬುದು ಒಂದೂ ಇರಲಿಲ್ಲ. ನಾಲ್ಕು ತಿಂಗಳು ತಪ್ಪದೆ ಬರೆದವನು ಒಂದು ದಿನವೂ ಮೇಲಿನಿಂದ ಕೆಳಕ್ಕೆ ಓದಿರಲಿಲ್ಲ.

ಸಾಬರು ಆಗಲೇ ಕಾರ್ಬ್ಯುರೇಟರಿನ ಬುಡ ಬಿಚ್ಚುತ್ತಿದ್ದರು. ಅದಕ್ಕೂ ಎಂಜಿನ್ನಿಗೂ ನಡುವೆ ಗಾಳಿ ನುಸುಳದಂತೆ ತೆಳ್ಳಗಿನ ಒಂದು ಪಟ್ಟಿ ಇರುತ್ತದೆ, ಗ್ಯಾರೇಜಿನವರು ಪ್ಯಾಕಿಂಗ್ ಅನ್ನುತ್ತಾರೆ. ಅದನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು, ಮೂಸಿದರು, ನನ್ನ ಮುಖ ನೋಡಿದರು.

"ಇದು ಊಟದ ತಟ್ಟಿ ಅಲ್ರೀ? ಎಂಜಿನ್ನಿಗೆ ಹಾಳಿ ಹಾಕಿ ಬಡಿಸೀರಿ?"

ನನಗೆ ನೆನಪಾಯಿತು. ಜೂನ್ ಮೊದಲ ಭಾನುವಾರ, ಯಾವ ತೊಂದರೆಯೂ ಇಲ್ಲದ ಕಾರಿನ ಕಾರ್ಬ್ಯುರೇಟರನ್ನು ಮಳೆಗಾಲಕ್ಕೆ ಮುಂಚೆ ತೊಳೆಯಬೇಕೆಂದು ಬಿಚ್ಚಿದ್ದೆ. ಕಾಗದದ ಹಳೆಯ ಪಟ್ಟಿ ಹರಿಯಿತು. ಅಂಗಡಿ ಮುಚ್ಚಿತ್ತು. ಪಕ್ಕದ ಮನೆಯ ಉಪನಯನದಲ್ಲಿ ಉಳಿದಿದ್ದ ಅಡಿಕೆ ಹಾಳೆಯ ತಟ್ಟೆಯೊಂದು ಕಣ್ಣಿಗೆ ಬಿತ್ತು. ನಮ್ಮ ಕಡೆ ಹಾಳೆಯಲ್ಲಿ ಟೊಪ್ಪಿಯಾಗುತ್ತದೆ, ಬೀಸಣಿಗೆಯಾಗುತ್ತದೆ, ಮಕ್ಕಳ ಜಾರುಬಂಡಿಯಾಗುತ್ತದೆ, ಪ್ಯಾಕಿಂಗ್ ಯಾಕಾಗಬಾರದು? ಕತ್ತರಿಸಿ ಹಾಕಿದೆ. ಮಳೆಗೆ ಹಾಳೆ ಉಬ್ಬಿ ಸಂದು ಮುಚ್ಚಿತು, ಬಿಸಿಲಿಗೆ ಒಣಗಿ ಸೆಟೆದು ಗಾಳಿ ಬಿಟ್ಟಿತು. ಮನೆಗೆ ಬಂದು ಆ ದಿನದ ಪುಟ ತೆಗೆದು ನೋಡಿದೆ: "ಕಾರ್ಬ್ಯುರೇಟರ್ ತೊಳೆದೆ. ಪ್ಯಾಕಿಂಗ್ ಬದಲಿಸಿದೆ. ತೃಪ್ತಿ." ಯಾವುದರಿಂದ ಬದಲಿಸಿದೆ ಎಂದು ಬರೆದಿರಲಿಲ್ಲ. ದಾಖಲೆ ಇಡುವವನು ತಾನು ಸೋತದ್ದನ್ನು ನೂರು ಸಲ ಪರೀಕ್ಷಿಸುತ್ತಾನೆ, ಹೆಮ್ಮೆಪಟ್ಟದ್ದನ್ನು ಒಮ್ಮೆಯೂ ತಿರುಗಿ ನೋಡುವುದಿಲ್ಲ.

ಹೊಸ ಪಟ್ಟಿ ಹಾಕಿಕೊಂಡು ಬಂದ ಮೇಲೆ ವೀಣಾಳಿಗೆ ಎಲ್ಲ ಹೇಳಿದೆ. ನಕ್ಕಳು, ಆದರೆ ಯಲ್ಲಾಪುರಕ್ಕೆಂದು ತುಂಬಿಟ್ಟ ಚೀಲವನ್ನು ಬಿಚ್ಚಲಿಲ್ಲ. ಒಂದು ತಿಂಗಳು ಅದು ಬಾಗಿಲ ಮೂಲೆಯಲ್ಲಿ ಕೂತು ನನ್ನನ್ನು ನೋಡುತ್ತಿತ್ತು. ಆ ತಿಂಗಳು ನಾನು ಬಾನೆಟ್ ಎತ್ತಲಿಲ್ಲ. ಭಾನುವಾರಗಳಲ್ಲಿ ಕೈ ಕಟ್ಟಿ ಕೂತಿರುವುದು ಎಂಜಿನ್ ಇಳಿಸುವುದಕ್ಕಿಂತ ಆಯಾಸದ ಕೆಲಸ. ಅಕ್ಟೋಬರ್ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಆ ಚೀಲ ಮೂಲೆಯಲ್ಲಿರಲಿಲ್ಲ. ಬಟ್ಟೆಗಳು ಮತ್ತೆ ಕಪಾಟಿಗೆ ಸೇರಿದ್ದವು.

ನವೆಂಬರಿನ ಒಂದು ಮಧ್ಯಾಹ್ನ ನೋವು ಶುರುವಾಯಿತು. ಕಾರು ಕೀಲಿಯ ಮೊದಲ ತಿರುವಿಗೇ ಹೊರಟಿತು. ಕಾನಸೂರಿನಿಂದ ಆಸ್ಪತ್ರೆಯ ಬಾಗಿಲವರೆಗೆ ಒಂದು ಸಲವೂ ಕೆಮ್ಮಲಿಲ್ಲ, ಕೆಮ್ಮಿದ್ದರೂ ನನಗೆ ಕೇಳಿಸುತ್ತಿರಲಿಲ್ಲ. ಮಗಳು. ನಾಲ್ಕನೆಯ ದಿನ ಅವಳೂ ಅದೇ ಹಿಂದಿನ ಸೀಟಿನಲ್ಲಿ, ತಾಯಿ ಬಂದಂತೆಯೇ, ಮನೆಗೆ ಬಂದಳು.

ಮೊನ್ನೆ ಲೆಕ್ಕ ಸರಿಪಡಿಸಲು ಕೂತಾಗ ನೋಡಿದೆ. ಕಾರಿನ ಪುಸ್ತಕದಲ್ಲಿ ನೋವು ಶುರುವಾದ ಆ ದಿನಕ್ಕೆ ತಾರೀಕು ಮಾತ್ರ ಇದೆ. ನಿಂತ ಜಾಗ ಖಾಲಿ, ಬಿಚ್ಚಿದ್ದು ಖಾಲಿ. ಹವೆ ಏನಿತ್ತೆಂದು ವೀಣಾಳನ್ನು ಕೇಳಿದೆ, ಅವಳಿಗೂ ಗೊತ್ತಿಲ್ಲ. ಶಾಲೆಯ ಮಳೆಪುಸ್ತಕ ನೋಡಿ ತುಂಬಬಹುದಿತ್ತು. ಹಾಗೇ ಬಿಟ್ಟಿದ್ದೇನೆ.