ಗುರುವಿನ ಪ್ರಬಂಧಕ್ಕೆ ಶಿಷ್ಯೆಯ ತಿದ್ದುಪಡಿ

ಶ್ಯಾವ್ ಯುಎಚಿನ್ ಅವರ ಬಳಿ ಪಿಎಚ್‌ಡಿಗೆ ಸೇರಿದವರಿಗೆ ಒಂದೇ ಕಟ್ಟುಪಾಡು: ಪ್ರತಿ ಮಂಗಳವಾರ ಬೆಳಿಗ್ಗೆ ಒಂದು ಪುಟ ಬರೆದು ತರಬೇಕು. ಆ ವಾರ ಏನು ಮಾಡಿದೆ, ಎಲ್ಲಿ ಸಿಕ್ಕಿಕೊಂಡೆ, ಮುಂದೇನು. ಬುಧವಾರ ಮಧ್ಯಾಹ್ನದೊಳಗೆ ಅದು ಹಸಿರು ಶಾಯಿಯ ಟಿಪ್ಪಣಿ ತುಂಬಿಕೊಂಡು ನಮ್ಮ ಕೈಗೆ ವಾಪಸ್ಸು ಬರುತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ ಅವರು ಒಂದು ಬುಧವಾರವನ್ನೂ ತಪ್ಪಿಸಿದ್ದಿಲ್ಲ. ಮಂಡಿಯ ಶಸ್ತ್ರಚಿಕಿತ್ಸೆಯಾದ ವಾರ ಆಸ್ಪತ್ರೆಯಿಂದಲೇ ಕಳಿಸಿದ್ದರು.

ತೈವಾನಿನ ಪಶ್ಚಿಮ ಕರಾವಳಿಯ ನಮ್ಮ ವಿಶ್ವವಿದ್ಯಾಲಯದಲ್ಲಿ ಅವರು ಸಿಂಪಿ ಸಾಕಣೆಯ ಪ್ರಾಧ್ಯಾಪಕಿ. ನಮಗೆಲ್ಲ ‘ಲಾವ್‌ಶಿ’, ಅಂದರೆ ಮೇಷ್ಟ್ರು. ನಾನು ಸೇರಿದ ವರ್ಷವೇ ವಂಗ್ ಪೇಷಾನ್ ಅಕ್ಕನೂ ಬಂದಳು. ಅವಳ ಮೊದಲ ಗೈಡ್ ಬೇರೆ ಊರಿಗೆ ಹೋಗುವಾಗ ಅವಳನ್ನು ಇಲ್ಲೇ ಬಿಟ್ಟಿದ್ದರು. ಏಳು ವರ್ಷದ ಗಡುವಿನಲ್ಲಿ ಐದು ಕಳೆದಿತ್ತು, ಕೈಯಲ್ಲಿ ಒಂದು ಅಧ್ಯಾಯವೂ ಇರಲಿಲ್ಲ.

“ಯಾಕ್ರೀ ಈ ತಲೆನೋವು ಕಟ್ಕೋತೀರಿ?” ಎಂದು ವಿಭಾಗದ ಮುಖ್ಯಸ್ಥರು ನಮ್ಮೆದುರೇ ಕೇಳಿದರು.

“ಇಲ್ಲೇ ಕೂತಿದ್ದಾಳೆ. ತಲೆನೋವು ಅಂತ ಅವಳಿಗೇ ಹೇಳಿ,” ಎಂದರು ಲಾವ್‌ಶಿ. ಮುಖ್ಯಸ್ಥರು ಕೆಮ್ಮಿ ಹೊರಟುಹೋದರು.

ಡೊಂಗ್‌ಶಿ ಹಳ್ಳಿಯ ಎಳೆ ಸಿಂಪಿಗಳು ಮಳೆಗಾಲದಲ್ಲಿ ರಾಶಿ ರಾಶಿ ಸಾಯುತ್ತಿದ್ದವು. ಸಮುದ್ರಕ್ಕೆ ಸೇರುವ ಮಳೆನೀರೇ ಕಾರಣ ಎಂದು ಹನ್ನೆರಡು ವರ್ಷದ ಹಿಂದೆ ಲಾವ್‌ಶಿಯೇ ಬರೆದಿದ್ದರು. ಅವರಿಗೆ ಹೆಸರು ತಂದ ಪ್ರಬಂಧ ಅದು. ಉಪ್ಪಿನಂಶ ಎಷ್ಟು ಇಳಿದರೆ ಸಾಯುತ್ತವೆ ಎಂದು ಅಕ್ಕ ಅಳೆಯಬೇಕಿತ್ತು.

ಆರು ತಿಂಗಳು ಅವಳ ಪುಟಗಳು ತುಂಬಿ ಬಂದವು. ಜೂನ್ ಹೊತ್ತಿಗೆ ಅರ್ಧ ಪುಟವಾಯಿತು, ಆಮೇಲೆ ಮೂರು ಸಾಲು, ಕೊನೆಗೆ ಬಿಳಿ ಹಾಳೆ. ಲಾವ್‌ಶಿ ಆ ಹಾಳೆಯ ಮೇಲೆ ಬರೆದರು: “ನಾಳೆ ಸಮುದ್ರ ಇಳಿಯೋ ಹೊತ್ತಿಗೆ ಬೂಟು ತಗೊಂಡು ಬಾ. ನಾನೂ ಬರ್ತೀನಿ.”

ಬುಟ್ಟಿ ಹೊರಲು ನಾನೂ ಹೋದೆ. ಲಾವ್‌ಶಿ ಕೆಸರಲ್ಲಿ ಕುಂಟುತ್ತಾ ನಡೆದು, ಬಿದಿರಿಗೆ ಕಟ್ಟಿದ ಸಿಂಪಿಯ ಸರವೊಂದನ್ನು ಎಳೆದು, ಸತ್ತದ್ದೊಂದನ್ನು ಹೆಬ್ಬೆರಳಿನಿಂದ ಉಜ್ಜಿದರು. ಚಿಪ್ಪಿನಲ್ಲಿ ಸೂಜಿ ಚುಚ್ಚಿದಷ್ಟು ತೂತು.

“ಇದೇನೇ ಪೇಷಾನ್?”

ಅಕ್ಕ ತಲೆ ತಗ್ಗಿಸಿದಳು. “ಬಸವನಹುಳು, ಲಾವ್‌ಶಿ. ಕೊರೆದು ತಿನ್ನುತ್ತೆ. ಮಳೆಗೆ ಮುಂಚೇನೇ ಶುರುವಾಗಿದೆ. ನಾಲ್ಕು ಸಾವಿರ ಚಿಪ್ಪು ನೋಡ್ದೆ.”

“ನೋಡಿ ಬಚ್ಚಿಟ್ಟೆ?”

“ನಿಮ್ಮ ಪ್ರಬಂಧ ತಪ್ಪಾಗುತ್ತಲ್ಲ... ನೀವೂ ಕೈಬಿಟ್ರೆ ನಾನೆಲ್ಲಿಗೆ ಹೋಗ್ಲಿ?”

ಲಾವ್‌ಶಿಯ ಮುಖ ಕೆಂಪೇರಿತು. ಅವರಿಗೆ ನೋವಾಗಲಿಲ್ಲ ಎಂದರೆ ಸುಳ್ಳು. ಸರದಿಂದ ಇನ್ನೂ ನಾಲ್ಕು ಸತ್ತ ಸಿಂಪಿ ಕಿತ್ತು ಒಂದೊಂದನ್ನೇ ತಿರುಗಿಸಿ ನೋಡಿದರು.

“ನಾನು ಸತ್ತವನ್ನ ಎಣಿಸಿದ್ದೆ, ತಿರುಗಿಸಿ ನೋಡಿರ್ಲಿಲ್ಲ,” ಎಂದರು ಕೊನೆಗೆ. “ಇದೇ ನಿನ್ನ ಮೊದಲ ಅಧ್ಯಾಯ. ನನ್ನ ಹೆಸರು ಹಾಕೇ ತಪ್ಪು ಅಂತ ಬರಿ. ಮೆತ್ತಗೆ ಬರೆದ್ಯೋ, ವಾಪಸ್ ಕೊಡ್ತೀನಿ.”

ಅಕ್ಕ ಅಲ್ಲೇ ಅತ್ತುಬಿಟ್ಟಳು. ಮುಂದಿನ ಮಳೆಗಾಲಕ್ಕೆ ಸರಗಳಿಗೆ ಸಣ್ಣ ಕಣ್ಣಿನ ಬಲೆ ಸುತ್ತಿ ನೋಡಿದಳು. ಅದೇ ಮಳೆ, ಅದೇ ನೀರು. ಬಲೆಯೊಳಗಿನ ಹತ್ತರಲ್ಲಿ ಒಂಬತ್ತು ಬದುಕಿದವು.

ವೈವಾ ದಿನ ಹಿರಿಯ ಪರೀಕ್ಷಕರೊಬ್ಬರು ಕನ್ನಡಕ ಇಳಿಸಿ ಕೇಳಿದರು: “ನಿಮ್ಮ ಗುರುಗಳೇ ಮಳೆ ಅಂದಿದ್ದಾರಲ್ಲಮ್ಮ. ಅವರಿಗಿಂತ ನಿಮಗೆ ಹೆಚ್ಚು ಗೊತ್ತಾ?”

ಗೈಡ್ ಬಾಯಿ ಬಿಡುವ ಹಾಗಿಲ್ಲ. ಲಾವ್‌ಶಿ ಕುರ್ಚಿಯ ಅಂಚಿಗೆ ಸರಿದು ಕೂತಿದ್ದರು.

“ಇದೊಂದು ವಿಷಯದಲ್ಲಿ ಹೌದು, ಸರ್,” ಎಂದಳು ಪೇಷಾನ್. “ಅದು ಗೊತ್ತಾಗೋ ಹಾಗೆ ಮಾಡಿದ್ದೂ ಅವರೇ.”

ಐವರು ಪರೀಕ್ಷಕರೂ ಸಹಿ ಹಾಕಿದರು. ಗಡುವಿಗೆ ಇನ್ನೂ ಹತ್ತೊಂಬತ್ತು ದಿನ ಉಳಿದಿತ್ತು.

ತಿದ್ದುಪಡಿಯ ಲೇಖನ ಆ ವರ್ಷವೇ ಅಚ್ಚಾಯಿತು. ಮೊದಲ ಹೆಸರು ವಂಗ್ ಪೇಷಾನ್, ಎರಡನೆಯದು ಶ್ಯಾವ್ ಯುಎಚಿನ್. ಬಲೆ ಕಟ್ಟಿ ಗೆದ್ದ ಡೊಂಗ್‌ಶಿಯ ಸಿಂಪಿ ಬೆಳೆಗಾರರು ನಮ್ಮನ್ನೆಲ್ಲ ಊಟಕ್ಕೆ ಕರೆದರು. ಒಬ್ಬ ಮುದುಕ ಲಾವ್‌ಶಿಯನ್ನು ಹಿಡಿದುಕೊಂಡ: “ನಿಮ್ಮ ಮಾತು ಕೇಳಿ ಹನ್ನೆರಡು ವರ್ಷ ಮಳೆಗೆ ಬೈದ್ವಲ್ಲ ತಾಯಿ!”

“ಮಳೆ ಹತ್ರ ನಾನು ಕ್ಷಮೆ ಕೇಳ್ತೀನಿ,” ಎಂದು ಲಾವ್‌ಶಿ ಬಿದ್ದು ಬಿದ್ದು ನಕ್ಕರು. “ನೀವು ಮೊದ್ಲು ನಮ್ಮ ಡಾಕ್ಟರಮ್ಮನಿಗೆ ಬಡಿಸಿ.”