ಹದಿನೆಂಟು ಸೆಕೆಂಡಿನ ಮರುಳಸಿದ್ದಯ್ಯ

ಬೆಳಗಿನ ಐದೂಕಾಲು. ತಿಪಟೂರಿನ ಮಂಡಿ ಹಿಂದಿನ ಓಣಿಯಲ್ಲಿ ಒಂದೇ ಒಂದು ಕಿಟಕಿ ತೆರೆದಿದೆ, ಮಾರ್ಗಶಿರದ ಚಳಿ ಅದರಿಂದ ನೇರ ಒಳಗೆ ನುಗ್ಗುತ್ತಿದೆ. ಮಫ್ಲರ್ ಸುತ್ತಿಕೊಂಡ ಶಿವರಾಜು ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ತಣ್ಣನೆಯ ಗಾಳಿ ಬೇಕಾಗಿರುವುದು ಅವರಿಗಲ್ಲ, ಕಂಪ್ಯೂಟರಿನೊಳಗೆ ಚಿತ್ರ ತಿದ್ದುವ ಗ್ರಾಫಿಕ್ಸ್ ಕಾರ್ಡಿಗೆ. "ನೀವ್ ಬೇಕಾರೆ ಕಂಬ್ಳಿ ಹೊದ್ಕಳಿ ಸಾ" ಅನ್ನುತ್ತಾರೆ ಕೆಲಸ ನೋಡಲು ಬಂದ ನನಗೆ, ಕಿಟಕಿ ಮಾತ್ರ ಮುಚ್ಚುವುದಿಲ್ಲ.

ತೀರಿಕೊಂಡವರ ಮುಖವನ್ನು ತಿದ್ದಿ ಕೊಡುವುದು ನಲವತ್ತಾರರ ಶಿವರಾಜು ಅವರ ಕಸುಬು. ಒಂದು ಕಾಲಕ್ಕೆ ಮದುವೆ ಫೋಟೊ ತೆಗೆಯುತ್ತಿದ್ದರು. ಎಲ್ಲರ ಕೈಗೂ ಕ್ಯಾಮೆರಾ ಫೋನ್ ಬಂದ ಮೇಲೆ ಸ್ಟುಡಿಯೊ ಮುಚ್ಚಿತು. ಈಗ ತಿಂಗಳಿಗೆ ಹತ್ತೋ ಹನ್ನೆರಡೋ ಮುಖಗಳು. ಆಧಾರ್ ಕಾರ್ಡಿನ ಮಸಿ ಚಿತ್ರವಾಗಲಿ, ಹಳೆ ಫೋನಿನ ಮಬ್ಬು ವಿಡಿಯೊ ಆಗಲಿ, ಹನ್ನೊಂದನೇ ದಿನದ ಶಿವಗಣಾರಾಧನೆಯ ಹೊತ್ತಿಗೆ ನೋಡುವ ಹಾಗೆ ಮಾಡಿಕೊಡುತ್ತಾರೆ. ಪಟಕ್ಕೆ ಎಲ್ಲರೂ ಕೈ ಮುಗಿಯುತ್ತಾರೆ, ಮಾಡಿದವರು ಯಾರೆಂದು ಒಬ್ಬರೂ ಕೇಳುವುದಿಲ್ಲ. ನಮ್ಮ ಮನೆ ಗೋಡೆಯಲ್ಲೇ ಅವರ ಕೈಯದೊಂದು ಪಟವಿದೆ, ನಾನೂ ಕೇಳಿರಲಿಲ್ಲ.

ಇವತ್ತಿನ ಕೆಲಸ ಅರಳಗುಪ್ಪೆಯ ಮರುಳಸಿದ್ದಯ್ಯನವರದು. ಅವರು ನಡೆದಾಡಿ ಮಾತಾಡುವ ವಿಡಿಯೊ ಇರುವುದು ಒಂದೇ, ಹದಿನೆಂಟು ಸೆಕೆಂಡಿನದು. ಅದಿದ್ದ ಕೀಪ್ಯಾಡ್ ಫೋನಿಗಾಗಿ ರಾತ್ರಿಯೆಲ್ಲ ಹುಡುಕಿದ ಮನೆಯವರಿಗೆ ಅದು ಕೊನೆಗೆ ಕೊಬ್ಬರಿ ಅಟ್ಟದಲ್ಲಿ ಸಿಕ್ಕಿದೆ. ಅಳಿಯ ಐದಕ್ಕೆ ಬೈಕಿನಲ್ಲಿ ತಂದುಕೊಟ್ಟು ಹೋಗಿದ್ದಾರೆ. ಆರಾಧನೆ ಇವತ್ತೇ, ಹನ್ನೊಂದಕ್ಕೆ ನೆಂಟರೆಲ್ಲ ಸೇರುತ್ತಾರೆ. ಆದರೆ ತಿಪಟೂರಿನಲ್ಲಿ ದುರಸ್ತಿಗೆಂದು ಹತ್ತಕ್ಕೆ ಕರೆಂಟು ತೆಗೆದರೆ ಸಂಜೆವರೆಗೆ ಇಲ್ಲ. ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿದೆ.

ಲೆಕ್ಕ ಹೀಗಿದೆ. ವಿಡಿಯೊದಲ್ಲಿ ಸೆಕೆಂಡಿಗೆ ಹದಿನೈದರಂತೆ ಒಟ್ಟು ಇನ್ನೂರ ಎಪ್ಪತ್ತು ಚಿತ್ರ. ಒಂದೊಂದನ್ನು ತಿದ್ದಲು ಈ ಅಗ್ಗದ ಕಾರ್ಡಿಗೆ ಒಂದು ನಿಮಿಷ ಬೇಕು. ಐದೂವರೆಗೆ ಹಚ್ಚಿದರೆ ಮುಗಿಯುವುದೇ ಹತ್ತು ಗಂಟೆಗೆ. ಎಲ್ಲ ಜೋಡಿಸಿ ಕಳಿಸಲು ಮತ್ತೆ ಐದು ನಿಮಿಷ ಬೇಕು, ಅದು ಇಲ್ಲ. ಅದಕ್ಕೇ ಓವರ್‌ಕ್ಲಾಕ್, ಅಂದರೆ ತಯಾರಿಸಿದವರು ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚಾಗಿ ಕಾರ್ಡನ್ನು ಓಡಿಸುವುದು. ಆಗ ಚಿತ್ರವೊಂದಕ್ಕೆ ಐವತ್ತೈದು ಸೆಕೆಂಡ್. "ಐದ್ ಸೆಕೆಂಡು ಏನ್ ಮಹಾ ಅಂತೀರಿ. ಎಲ್ಲಾ ಸೇರುದ್ರೆ ಇಪ್ಪತ್ತೆರಡು ನಿಮಿಷ ಉಳೀತದೆ ಸಾ."

ಬೇಗನೆ ಮುಗಿಸುವ ದಾರಿಯೂ ಇದೆ, ಸುಕ್ಕು ಕಲೆಗಳನ್ನೆಲ್ಲ ಅಳಿಸಿ ಮುಖವನ್ನು ತಾನೇ ಊಹಿಸಿ ಬರೆಯುವ ಒಂದು ಬಟನ್. ಅದನ್ನು ಒತ್ತಿದರೆ ಅರ್ಧ ಗಂಟೆಯ ಕೆಲಸ, ಯಾವ ತಲೆಬಿಸಿಯೂ ಇಲ್ಲ. ಒತ್ತಬಾರದೇಕೆ? "ನುಣ್ಣಗೆ ಬತ್ತದೆ. ಆದ್ರೆ ಬರೋರು ಬೇರೆ ಯಾರೋ."

ಐದೂವರೆಗೆ ಕೆಲಸ ಹಚ್ಚಿದ ನಾಲ್ಕನೇ ನಿಮಿಷಕ್ಕೆ ಶಿವರಾಜು ಮಫ್ಲರ್ ಸರಿಸಿ ಕಿವಿಗೊಡುತ್ತಾರೆ. ಕಾರ್ಡಿನ ಫ್ಯಾನು ಸದ್ದು ಮಾಡುತ್ತಿಲ್ಲ. ಪರದೆಯ ಮೇಲೆ ಬಿಸಿ ಎಪ್ಪತ್ತು ಡಿಗ್ರಿ, ಎಪ್ಪತ್ತೆಂಟು, ಎಂಬತ್ತೈದು. ಎಲ್ಲ ನಿಲ್ಲಿಸಿ, ಕಾರ್ಡು ಬಿಚ್ಚಿ, ಫ್ಯಾನಿನ ರೆಕ್ಕೆಯನ್ನು ಬೆರಳಿಂದ ತಳ್ಳುತ್ತಾರೆ. ಅಲುಗುವುದಿಲ್ಲ. ನಡುವೆ ಬೆಳ್ಳಗೆ ಏನೋ ಧೂಳಿನ ಜೊತೆ ಹೆಪ್ಪುಗಟ್ಟಿದೆ.

"ಅವ್ವಾ, ಇದ್ಕೇನಾರ ಹಾಕಿದ್ಯಾ?"

ಒಳಗಿನಿಂದ ಬಂದ ತಾಯಿ ನಿಂಗಮ್ಮ ಮಗನ ಮುಖ ನೋಡಿ ಬಾಗಿಲಲ್ಲೇ ನಿಲ್ಲುತ್ತಾರೆ. "ನೆನ್ನೆ ಕಿರ್ರೋ ಅಂತಿತ್ತಲ್ಲಪ್ಪ. ಎಲ್ಡು ತೊಟ್ಟು ಕೊಬ್ರೆಣ್ಣೆ ಬುಟ್ಟೆ."

ನಮ್ಮ ಸೀಮೆಯಲ್ಲಿ ಕಿರುಗುಟ್ಟುವ ಬಾಗಿಲಿಗೂ ನೋಯುವ ಮಂಡಿಗೂ ಮಗುವಿನ ನೆತ್ತಿಗೂ ಮದ್ದು ಒಂದೇ. ಚಳಿಗೆ ಅದು ಗಟ್ಟಿಯಾಗುತ್ತದೆಂದು ತಿಳಿಯದವರೂ ಇಲ್ಲಿಲ್ಲ. ಕಾರ್ಡು ತಂಪಾಗಿರಲೆಂದು ಕಿಟಕಿ ತೆರೆದರೆ, ಆ ಚಳಿಯೇ ಫ್ಯಾನನ್ನು ಕಟ್ಟಿಹಾಕಿದೆ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಶಿವರಾಜು ಉಗುರಿನಿಂದ ಎಣ್ಣೆ ಕೆರೆಯಲು ನೋಡುತ್ತಾರೆ, ಬರುವುದಿಲ್ಲ.

"ಗಾಬರಿ ಬೀಳ್ಬ್ಯಾಡ. ಎಣ್ಣೆ ಸೀಸೆ ಕಟ್ಕಂಡ್ರೆ ಏನ್ ಮಾಡ್ತೀವಿ?" ನಿಂಗಮ್ಮ ಸ್ಟೀಲ್ ಲೋಟದಲ್ಲಿ ಬಿಸಿನೀರು ತಂದು, ಹೊರಗೆಲ್ಲ ಒರೆಸಿ, ಅದರ ಬುಡವನ್ನು ಫ್ಯಾನಿನ ನಡುವಿಗೆ ಒತ್ತಿ ಹಿಡಿಯುತ್ತಾರೆ. ಒಂದು ಹನಿ ತುಳುಕಿದರೂ ಕಾರ್ಡು ಒಣಗುವಷ್ಟರಲ್ಲಿ ಹತ್ತು ಗಂಟೆ ದಾಟುತ್ತದೆ. ನಿಧಾನಕ್ಕೆ ಎಣ್ಣೆ ಕರಗುತ್ತದೆ. ಶಿವರಾಜು ಅದನ್ನು ಹತ್ತಿಯಲ್ಲಿ ಒರೆಸಿ ತೆಗೆಯುತ್ತಾರೆ, ರೆಕ್ಕೆ ತಿರುಗುತ್ತದೆ.

ಗಂಟೆ ಐದು ಐವತ್ತು. ಉಳಿಸಿಕೊಂಡ ಇಪ್ಪತ್ತೆರಡು ನಿಮಿಷದಲ್ಲಿ ಇಪ್ಪತ್ತು ಕೈಬಿಟ್ಟು ಹೋಯಿತು. ಇನ್ನೊಂದು ಮೆಟ್ಟಿಲು ವೇಗ ಏರಿಸಿ, ಚಿತ್ರಕ್ಕೆ ಐವತ್ತನಾಲ್ಕು ಸೆಕೆಂಡಿಗೆ ಇಳಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ವೇಗ ಮಿತಿಮೀರಿದರೆ ಕಾರ್ಡು ತಪ್ಪು ಮಾಡುತ್ತದೆ, ಅವರಿಗೆ ಭಯವಿರುವುದು ಅಲ್ಲೇ. "ಹೋದ್ ವರ್ಸ ಹಿಂಗೇ ಏರ್ಸಿದ್ದೆ. ಒಂದಜ್ಜಿ ಕೆನ್ನೆ ಮ್ಯಾಲೆ ಹಸುರ್ ಚುಕ್ಕಿ ಬಂದಿದ್ವು, ನೋಡ್ದೇ ಕಳುಸ್ಬುಟ್ಟೆ. ಮನೆಯೋರೇನೂ ಅನ್ನಲಿಲ್ಲ. ಇವತ್ಗೂ ಅವ್ರ ಬೀದೀಲಿ ನಡಿಯಲ್ಲ ನಾನು."

ಏರಿಸುತ್ತಾರೆ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವ ಗಾದೆ ನನ್ನ ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಳ್ಳುತ್ತೇನೆ.

ಆಮೇಲೆ ನಾಲ್ಕು ಗಂಟೆ ಅವರು ಕುರ್ಚಿ ಬಿಡುವುದಿಲ್ಲ. ಮುಗಿದ ಪ್ರತಿ ಚಿತ್ರವನ್ನೂ ಹಿಗ್ಗಿಸಿ, ಹಣೆಯಿಂದ ಗಲ್ಲದವರೆಗೆ ನೋಡುತ್ತಾರೆ. ನಿಂಗಮ್ಮ ತಂದಿಟ್ಟ ಉಪ್ಪಿಟ್ಟು ಆರಿ ಹೋಗಿದೆ. ಎಂಟಕ್ಕೆ ಮರುಳಸಿದ್ದಯ್ಯನವರ ಹೆಂಡತಿ ಸಿದ್ದಗಂಗಮ್ಮ ಫೋನ್ ಮಾಡುತ್ತಾರೆ: "ಆಯ್ತೇನಪ್ಪ?" "ಆಯ್ತದೆ ಕಣವ್ವ" ಅನ್ನುವಾಗ ಇವರ ಕಣ್ಣು ಗಡಿಯಾರದ ಮೇಲಿದೆ. ನೂರ ಐವತ್ತೊಂದನೆಯದರಲ್ಲಿ, ಕಿವಿಯ ಹತ್ತಿರ, ಒಂದು ಹಸಿರು ಚುಕ್ಕಿ. ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಅದೊಂದನ್ನು ಮತ್ತೆ ಮಾಡಿಸುತ್ತಾರೆ, ಐವತ್ತನಾಲ್ಕು ಸೆಕೆಂಡ್ ಕಳೆದುಕೊಂಡು.

ಕೊನೆಯ ಚಿತ್ರ ಮುಗಿದಾಗ ಒಂಬತ್ತು ಐವತ್ತನಾಲ್ಕು. ಅರಳಗುಪ್ಪೆಗೆ ಕಳಿಸಿದಾಗ ಐವತ್ತೊಂಬತ್ತು. ಕರೆಂಟು ಹೋದಾಗ ನಿಂಗಮ್ಮ ಜೋರಾಗಿ ಉಸಿರು ಬಿಡುತ್ತಾರೆ. ಹೊಸ ಕಾರ್ಡ್ ತಗೋಬೇಕು ಅನಿಸೋಲ್ವಾ ಎಂದು ಕೇಳುತ್ತೇನೆ. "ಕಾರ್ಡ್ ಬುಡಿ ಸಾ, ಒಂದ್ ಫ್ಯಾನ್ ಹೊಸದು ಸಿಕ್ರೆ ಸಾಕು" ಅನ್ನುವಷ್ಟರಲ್ಲಿ ಅವರ ಫೋನು ಹೊಡೆದುಕೊಳ್ಳುತ್ತದೆ. ಸಿದ್ದಗಂಗಮ್ಮ. ಶಿವರಾಜು ಎತ್ತಿ ಸ್ಪೀಕರಿಗೆ ಹಾಕುತ್ತಾರೆ.

"ಗಡ್ಡ ಹಂಗೇ ಅದೆ ಕಣಪ್ಪ" ಅನ್ನುತ್ತದೆ ಧ್ವನಿ. "ಮೂರ್ ದಿನುದ್ ಗಡ್ಡ. ಬೋಳುಸ್ಕೊಳ್ರೀ ಅಂತ ಅವತ್ತೂ ಬೈದಿದ್ದೆ. ಈಗ್ಲೂ ಬೈದೆ."